ಬೆರಳು ನಡೆದ ದಾರಿ

"ಆ ಲೈಟು ಆರಿಸು," ಎಂದರು ಅತ್ತಿಗೆ.

"ಇರೋದೇ ಒಂದು ಲೈಟು. ಆರಿಸಿದ್ರೆ ಏನು ಕಾಣುತ್ತೆ?"

"ಆರಿಸು ಅಂದೆ. ಆಮೇಲೆ ಆ ಮೂಲೆ ಕಿಟಕಿ ತೆಗಿ."

ಅತ್ತಿಗೆ ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯ ದಿನ ಟೋಪಿ, ಬೆಲ್ಟು ಎಲ್ಲ ಒಪ್ಪಿಸಿ ಬಂದರು, ದನಿಯನ್ನು ಮಾತ್ರ ಮನೆಗೆ ತಂದುಬಿಟ್ಟರು. ನಾನು ಅವರ ಮೈದುನ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಅವರಿಗೆ ಭೂತಗನ್ನಡಿ ಬೇಕಾದಾಗೆಲ್ಲ ನಾನೂ ಬೇಕಾಗುತ್ತೇನೆ.

ಲೈಟು ಆರಿಸಿದೆ. ಕಿಟಕಿಯ ಚಿಲಕ ತುಕ್ಕು ಹಿಡಿದು ಕೂತಿತ್ತು, ಅಂಗೈಯಿಂದ ನಾಲ್ಕು ಪೆಟ್ಟು ಕೊಟ್ಟ ಮೇಲೆ ಬಿಟ್ಟುಕೊಂಡಿತು. ಇಳಿಹೊತ್ತಿನ ಬಿಸಿಲು ಓರೆಯಾಗಿ ಒಳಗೆ ಬಂದು ಸಭಾಂಗಣದ ನಡುವಿನ ಮೇಜಿನ ಮೇಲೆ ಬಿದ್ದಿತು.

ಮೇಜಿನ ಮೇಲೆ ನಮ್ಮ ಊರೇ ಇತ್ತು. ಪ್ಲಾಸ್ಟರಿನ ಗುಡ್ಡ, ನೀಲಿ ಬಳಿದ ಹೊಳೆ, ರಟ್ಟಿನ ಮನೆಗಳು, ಮರದ ಹುಡಿಗೆ ಹಸಿರು ಬಣ್ಣ ಕಲಸಿ ಅಂಟಿಸಿದ ಹುಲ್ಲು. ಅದರ ಮೇಲೆ ಈ ತುದಿಯಿಂದ ಆ ತುದಿಗೆ, ಗುಂಡುಸೂಜಿ ಚುಚ್ಚಿ ಎಳೆದ ಕೆಂಪು ಉಲ್ಲನ್ ದಾರ. ಅದೇ ಬರಲಿರುವ ಹೆದ್ದಾರಿ.

ನಕ್ಷೆ ತೋರಿಸಿದರೆ ಜನಕ್ಕೆ ತಲೆಬುಡ ತಿಳಿಯುವುದಿಲ್ಲ, ಊರನ್ನೇ ಮಾಡಿ ತೋರಿಸೋಣ ಎಂದವಳು ಅತ್ತಿಗೆಯ ಮಗಳು. ಹೆದ್ದಾರಿ ಕಚೇರಿಯಲ್ಲಿ ಜನರ ಅಭಿಪ್ರಾಯ ಕೇಳುವ ಅಧಿಕಾರಿ ಅವಳು. ಒಂದು ವಾರ ಯಾರು ಬೇಕಾದರೂ ಬಂದು ನೋಡಬಹುದು, ರಸ್ತೆ ಬೇಡವೆನಿಸಿದ ಕಡೆ ನೀಲಿ ಕಾಗದದ ಪುಟ್ಟ ಬಾವುಟ ಚುಚ್ಚಬಹುದು. ಬಾವುಟ ಬಿದ್ದ ಕಡೆ ಸಮಿತಿ ಕೂತು ಜನರ ತಕರಾರು ಕೇಳಲೇಬೇಕು. ಬೀಳದ ಕಡೆ ಊರಿಗೆ ಒಪ್ಪಿಗೆ ಎಂದೇ ಅರ್ಥ.

ವಾರವಿಡೀ ಇಟ್ಟಿಗೆ ಗೂಡಿನ ಬಯಲಿನಲ್ಲಿ ಹಾದುಹೋಗುತ್ತಿದ್ದ ದಾರ, ಪ್ರದರ್ಶನ ಮುಗಿದ ಮರುದಿನ ನೋಡಿದರೆ ಪ್ರೆಸ್ಸಿನ ಓಣಿಯ ಮೇಲಿತ್ತು. ಓಣಿಯಲ್ಲಿ ಹೆಸರಿಗೊಂದು ಬಾವುಟವೂ ಇರಲಿಲ್ಲ.

ಎಲ್ಲಿಂದ ಇರುತ್ತದೆ? ಓಣಿಯ ಮನೆಮನೆಯ ಕದ ತಟ್ಟಿ, "ನಿಮ್ಮ ಮನೆಗಳಿಗೆ ಏನೂ ಆಗಲ್ಲ, ರಸ್ತೆ ಹಿಂದಿನ ಬಯಲಲ್ಲಿ ಹೋಗುತ್ತೆ, ಬಂದು ಕಣ್ಣಾರೆ ನೋಡಿ" ಎಂದು ಮಾತು ಕೊಟ್ಟವಳೇ ನಮ್ಮ ಹುಡುಗಿ. ಅವರು ಬಂದರು, ನೋಡಿದರು, ನೆಮ್ಮದಿಯಾಗಿ ಮನೆಗೆ ಹೋದರು. ಈಗ ಓಣಿಯ ಇಸ್ತ್ರಿ ಅಂಗಡಿಯವಳು ಇವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾಳೆ.

ದೊಡ್ಡ ಇಂಜಿನಿಯರ್ ಹೇಳುವುದೇ ಬೇರೆ. ಬಯಲಿನ ಮಣ್ಣು ಮೆತ್ತಗೆಂದು ದಾರಿ ಬದಲಾಗಿದ್ದು ಪ್ರದರ್ಶನಕ್ಕೆ ಮುಂಚೆಯೇ. ದಾರವನ್ನೂ ಆಗಲೇ ಓಣಿಗೆ ತಂದಾಗಿದೆ. "ನಿಮ್ಮ ಹುಡುಗಿ ಆಫೀಸಲ್ಲಿ ಸಿಗ್ಲಿಲ್ಲ, ಮನೆಗೇ ಫೋನ್ ಮಾಡಿ ಹೇಳಿದೀನಿ. ಜನ ಸರಿಯಾಗಿ ನೋಡಿಲ್ಲ, ಅಷ್ಟೇ." ಹುಡುಗಿಯೋ, ನನಗೆ ಯಾರೂ ಏನೂ ಹೇಳಿಲ್ಲ ಎಂದು ಕಣ್ಣು ತುಂಬಿಕೊಂಡು ಆಣೆ ಇಡುತ್ತಾಳೆ. ಫೋನಿನ ಕತೆಯನ್ನು ನಾವು ಯಾರೂ ನಂಬಲಿಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ಸಮಿತಿಯ ಅಧ್ಯಕ್ಷೆ ಕಡೆಯ ಬಾರಿ ಮಾದರಿ ನೋಡಲು ಬರುವವರಿದ್ದರು. ವಾರವಿಡೀ ದಾರ ಬಯಲಿನಲ್ಲೇ ಇತ್ತು ಎಂದು ತೋರಿಸಲಾಗದಿದ್ದರೆ ಓಣಿ ಹೋಯಿತು, ಹುಡುಗಿಯ ಕೆಲಸವೂ ಹೋಯಿತು. ಕೆಲಸ ಇನ್ನೊಂದು ಸಿಕ್ಕೀತು. ಸುಳ್ಳುಬುರುಕಿ ಅನ್ನಿಸಿಕೊಂಡು ಇದೇ ಊರಿನಲ್ಲಿ ತಲೆಯೆತ್ತಿ ನಡೆಯುವುದು ಹೇಗೆ? ನನಗಂತೂ ಬೆಳಿಗ್ಗೆಯಿಂದ ಅನ್ನ ಸೇರಿರಲಿಲ್ಲ.

ಅಣ್ಣ ಹೊರಗೆ ವರಾಂಡದ ಬೆಂಚಿನ ಮೇಲೆ ಕೂತಿದ್ದ. ತೊಡೆಯ ಮೇಲೆ ಮಗಳ ಊಟದ ಡಬ್ಬಿ. ಒಳಗೆ ಬಾರೋ ಎಂದರೆ, ಬಣ್ಣದ ವಾಸನೆಗೆ ತಲೆನೋವು ಬರುತ್ತೆ ಎಂದ. ಪಾಪ, ಮಗಳ ಚಿಂತೆಯಲ್ಲಿ ಅರ್ಧ ಇಳಿದುಹೋಗಿದ್ದಾನೆ. ಹೆಂಡತಿ ಠಾಣೆಯಲ್ಲಿ ಕಳ್ಳರನ್ನು ಕಾಯುತ್ತಿದ್ದ ಕಾಲದಲ್ಲಿ ಆ ಮಗುವಿಗೆ ಜಡೆ ಹಾಕಿದವನು, ಶಾಲೆಗೆ ಬಿಟ್ಟುಬಂದವನು, ಜ್ವರ ಬಂದರೆ ಪಕ್ಕದಲ್ಲಿ ಕೂತವನು ಅವನೇ. ಈಗಲೂ ಅವಳು ಎಲ್ಲಿದ್ದರೆ ಅಲ್ಲಿಗೆ ಮಧ್ಯಾಹ್ನ ಡಬ್ಬಿ ತಲುಪುತ್ತದೆ.

"ಇಲ್ಲಿ ಬಾ," ಅತ್ತಿಗೆ ಕರೆದರು. "ನಿಂತು ನೋಡ್ಬೇಡ. ಮಂಡಿಯೂರು."

"ನನ್ನ ಮಂಡಿ ಒಂದು ಸಲ ಊರಿದ್ರೆ ಮತ್ತೆ ಏಳಲ್ಲ ಅತ್ತಿಗೆ."

"ಎಬ್ಬಿಸ್ತೀನಿ, ಊರು."

ಊರಿದೆ. ಕಣ್ಣು ಮೇಜಿನ ಮಟ್ಟಕ್ಕೆ ಬಂತು. ಓರೆ ಬಿಸಿಲಿನಲ್ಲಿ ಹುಡಿಯ ಹುಲ್ಲಿನ ಒಂದೊಂದು ಕಾಳೂ ನೆರಳು ಚೆಲ್ಲಿಕೊಂಡು ನಿಂತಿತ್ತು.

"ಏನು ಕಾಣುತ್ತೆ?"

"ಹುಲ್ಲು."

"ಹುಲ್ಲು ಎಲ್ಲಿ ಇಲ್ಲ?"

ಆಗ ಕಂಡಿತು. ಕೆಂಪು ದಾರದ ಎರಡೂ ಬದಿಗೆ ಹುಲ್ಲು ಸವೆದಿತ್ತು. ಗುಡ್ಡದ ಬುಡದಿಂದ ಸೇತುವೆಯವರೆಗೆ ಬೆರಳಗಲದ ಬೋಳು ಪಟ್ಟಿ, ಒಳಗಿನ ಬಿಳಿ ಪ್ಲಾಸ್ಟರು ಇಣುಕುವಷ್ಟು. ಮೇಲಿನ ಲೈಟಿನಲ್ಲಿ ಇದು ಕಾಣುವ ಮಾತೇ ಇರಲಿಲ್ಲ.

"ಯಾರು ಹೀಗೆ ಉಜ್ಜಿದ್ದು?"

"ನೀನು," ಎಂದರು ಅತ್ತಿಗೆ. "ನಾನು. ಇಡೀ ಊರು."

ಗೋಡೆಯ ಮೇಲೆ 'ದಯವಿಟ್ಟು ಮುಟ್ಟಬೇಡಿ' ಎಂಬ ಬೋರ್ಡು ಇಷ್ಟುದ್ದ ತೂಗುತ್ತಿತ್ತು. ನಾನು ಬಂದ ದಿನ ಅದನ್ನು ಓದಿ, ಸರಿಯಾಗಿ ಬರೆದಿದ್ದಾರೆ ಎಂದು ತಲೆಯಾಡಿಸಿ, ಸೇತುವೆಯಿಂದ ನನ್ನ ಅಂಗಡಿಯ ಹತ್ತಿರದವರೆಗೆ ದಾರದ ಮೇಲೆ ಬೆರಳು ಎಳೆದುಕೊಂಡೇ ಹೋಗಿದ್ದೆ. ಬಂದವರೆಲ್ಲ ಅದನ್ನೇ ಮಾಡಿದ್ದರು. ನಮ್ಮ ಮನೆ ಎಲ್ಲಿ, ರಸ್ತೆ ಎಷ್ಟು ಪಕ್ಕಕ್ಕೆ ಬರುತ್ತದೆ ಎಂಬುದು ಬೆರಳು ಇಡದೆ ಯಾರಿಗೆ ತಿಳಿಯುತ್ತದೆ?

"ಸೇತುವೆ ದಾಟಿದ ಮೇಲೆ ನೋಡು," ಎಂದು ಅತ್ತಿಗೆ ಭೂತಗನ್ನಡಿ ಕೊಟ್ಟರು.

ಸೇತುವೆ ದಾಟಿದ ಮೇಲೆ ದಾರ ಎಡಕ್ಕೆ ಹೊರಳಿ ಪ್ರೆಸ್ಸಿನ ಓಣಿಗೆ ನುಗ್ಗಿತ್ತು. ಅಲ್ಲಿನ ರಟ್ಟಿನ ಚಾವಣಿಗಳು ಅಂಗಡಿಯಿಂದ ಈಗ ತಂದಂತೆ ಹೊಸದಾಗಿ ಹೊಳೆಯುತ್ತಿದ್ದವು, ಒಂದು ಬೆರಳಿನ ಜಿಡ್ಡಿಲ್ಲ. ಬೋಳು ಪಟ್ಟಿ ಮಾತ್ರ ದಾರದ ಜೊತೆ ಎಡಕ್ಕೆ ಹೋಗಿರಲಿಲ್ಲ. ಅದು ನೆಟ್ಟಗೆ ಇಟ್ಟಿಗೆ ಗೂಡಿನ ಬಯಲನ್ನು ಹಾದು, ಆಚೆ ಕಡೆ ಮತ್ತೆ ದಾರವನ್ನು ಕೂಡಿಕೊಂಡಿತ್ತು.

ನನ್ನ ಮಂಡಿನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. "ಅತ್ತಿಗೆ! ದಾರ ಬಯಲಲ್ಲೇ ಇತ್ತು! ಜನ ನೋಡಿದ್ದು ಸರಿ, ನಮ್ಮ ಹುಡುಗಿ ಹೇಳಿದ್ದೂ ಸರಿ!"

"ಕೂಗ್ಬೇಡ. ಇನ್ನೂ ಮುಗಿದಿಲ್ಲ."

"ಇನ್ನೇನು ಬಾಕಿ?"

"ಬಯಲಿನ ಪಟ್ಟಿನ ಇನ್ನೊಂದ್ಸಲ ನೋಡು."

ನೋಡಿದೆ. ಬೋಳಿನ ನಡುವೆ ಅಲ್ಲಲ್ಲಿ ಒಂದೊಂದು ಚುಕ್ಕೆಯಷ್ಟು ದಟ್ಟ ಹಸಿರು. ಸುತ್ತ ಎಲ್ಲ ಉದುರಿ, ಅಲ್ಲೊಂದು ಇಲ್ಲೊಂದು ಕುಚ್ಚು ಉಳಿದ ನನ್ನ ತಲೆಯ ಹಾಗೆಯೇ ಇತ್ತು.

"ಸೂಜಿ ಕಿತ್ತ ತೂತುಗಳು," ಎಂದರು ಅತ್ತಿಗೆ. "ಪ್ಲಾಸ್ಟರ್ ತುಂಬಿ, ಮೇಲೆ ಹುಡಿ ಹಾಕಿ ಮುಚ್ಚಿದಾರೆ. ಕದ್ದು ದಾರ ಸರಿಸೋನು ತೂತು ಮುಚ್ಚೋಕೆ ನಿಲ್ತಾನಾ? ಕಿತ್ತು ಓಡ್ತಾನೆ. ತನ್ನ ಕೆಲಸದಲ್ಲಿ ಒಂದು ತೂತು ಉಳಿದ್ರೂ ನಿದ್ದೆ ಬರದೇ ಇರೋರು ಮಾಡಿರೋದು ಇದು." ಪಕ್ಕದ ಕೋಣೆಯ ಕಡೆ ತಿರುಗಿ ದನಿ ಎತ್ತರಿಸಿದರು. "ಮೇಷ್ಟ್ರೇ, ಒಂದ್ನಿಮಿಷ ಬರ್ತೀರಾ?"

ಬಣ್ಣದ ಮೇಷ್ಟ್ರು ಅಲ್ಲಿ ಕುಂಚ ತೊಳೆಯುತ್ತಿದ್ದರು. ಊರಿನ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಈ ಮಾದರಿ ಅವರದೇ ಕೈಕೆಲಸ. ನಮ್ಮ ಹುಡುಗಿ ಅವರ ಅಚ್ಚುಮೆಚ್ಚಿನ ಶಿಷ್ಯೆ. ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಕನ್ನಡಕದ ಮುರಿದ ಕಾಲಿಗೆ ದಾರ ಸುತ್ತಿತ್ತು. ಹೊಸದು ಸಿದ್ಧವಾಗಿ ನನ್ನ ಅಂಗಡಿಯಲ್ಲಿ ಕೂತಿದೆ, ತೆಗೆದುಕೊಂಡು ಹೋಗಿ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು.

"ಲೈಟು ಯಾಕಮ್ಮಾ ಆರಿಸಿದ್ರಿ? ಮೊದಲೇ ನಂಗೆ ಕಣ್ಣು ಮಂಜು."

"ಕಣ್ಣು ಬೇಡ ಮೇಷ್ಟ್ರೇ. ಕೈ ಕೊಡಿ."

ಅತ್ತಿಗೆ ಅವರ ತೋರುಬೆರಳನ್ನು ಹಿಡಿದು ಸೇತುವೆಯ ಆಚೆಗಿನ ಬೋಳು ಪಟ್ಟಿಯ ಮೇಲಿಟ್ಟರು. "ಮುಂದಕ್ಕೆ ಹೋಗಿ."

ಮೇಷ್ಟ್ರ ಬೆರಳು ಸರಿಯಿತು. ತಾವೇ ಒಂದೊಂದು ಚಿಟಿಕೆ ಉದುರಿಸಿ ಬೆಳೆಸಿದ ಹುಲ್ಲು ಅಲ್ಲಿಲ್ಲವೆಂದು ಬೆರಳಿಗೆ ತಿಳಿಯಲು ಹೊತ್ತು ಬೇಕಾಗಲಿಲ್ಲ. ಬೆರಳು ಅಲ್ಲೇ ನಿಂತಿತು.

"ಇಷ್ಟು ಜನ ಮುಟ್ಟಿದ್ರಾ?" ಎಂದರು ಮೆಲ್ಲಗೆ.

ಆ ದನಿಯಲ್ಲಿ ಭಯವಿತ್ತು, ಸುಳ್ಳೇಕೆ, ಒಂದಿಷ್ಟು ಹೆಮ್ಮೆಯೂ ಇತ್ತು. ನನಗೆ ಅವರನ್ನು ಕಂಡು ಅಯ್ಯೋ ಅನ್ನಿಸಿತು.

"ಬಂದೋರೆಲ್ಲ ಮುಟ್ಟಿದಾರೆ," ಎಂದರು ಅತ್ತಿಗೆ. "ತೂತು ಮುಚ್ಚಿದ್ದು ನೀವೇ ತಾನೆ?"

"ಯಾವ ತೂತು?"

"ಮೇಷ್ಟ್ರೇ."

ಅಷ್ಟೇ ಅಂದದ್ದು. ಬೈಯಲಿಲ್ಲ, ಗದರಿಸಲಿಲ್ಲ. ಪಕ್ಕದ ಕೋಣೆಯಲ್ಲಿ ಸರಿಯಾಗಿ ನಿಲ್ಲಿಸದ ನಲ್ಲಿ ತೊಟ್ಟಿಕ್ಕುತ್ತಿತ್ತು. ಅತ್ತಿಗೆ ಕುರ್ಚಿ ಎಳೆದು ಅವರನ್ನು ಕೂರಿಸಿದರು, ತಾವು ಮೇಜಿಗೆ ಒರಗಿ ನಿಂತರು. ಠಾಣೆಯಲ್ಲಿ ಎಂಥೆಂಥವರೋ ಈ ಮೌನಕ್ಕೆ ಬಾಯಿ ಬಿಟ್ಟಿದ್ದಾರಂತೆ. ಮೇಷ್ಟ್ರು ಎಷ್ಟು ಹೊತ್ತು ತಡೆದಾರು?

"ನಾನು ದುಡ್ಡಿಗೆ ಮಾಡಿಲ್ಲ ತಾಯಿ," ಎಂದರು ಕೊನೆಗೆ.

"ಗೊತ್ತು."

"ಪ್ರದರ್ಶನದ ಹಿಂದಿನ ಸಂಜೆ ಆಫೀಸಿಂದ ಹೇಳಿ ಕಳಿಸಿದ್ರು, ದಾರಿ ಬದಲಾಗಿದೆ, ದಾರ ಓಣಿ ಮೇಲೆ ಹಾಕಿ ಅಂತ. ಹಾಕಿದೆ. ಬೆಳಿಗ್ಗೆ ಬಾಗಿಲು ತೆರೆಯೋ ಮುಂಚೆ ಒಬ್ರು ಬಂದ್ರು. ದಾರ ನೋಡಿ ಹಾಗೇ ನಿಂತ್ಬಿಟ್ರು. ಆಮೇಲೆ ನನ್ನ ಕೈ ಹಿಡ್ಕೊಂಡ್ರು."

"ಏನಂದ್ರು?"

"'ಹುಡುಗಿ ಓಣಿಯವರಿಗೆಲ್ಲ ಮಾತು ಕೊಟ್ಬಿಟ್ಟಿದಾಳೆ. ಅವರು ಬಂದು ಇದನ್ನ ನೋಡಿದ್ರೆ ಮುಖಕ್ಕೆ ಉಗೀತಾರೆ. ಒಂದು ವಾರ ದಾರ ಮೊದಲಿದ್ದ ಕಡೆನೇ ಇರ್ಲಿ. ಅಷ್ಟರೊಳಗೆ ನಾನು ಮೇಲಿನವರ ಕೈಕಾಲು ಹಿಡಿದು ರಸ್ತೆನ ಬಯಲಿಗೇ ತಿರುಗಿಸ್ತೀನಿ' ಅಂದ್ರು." ಮೇಷ್ಟ್ರು ಕನ್ನಡಕ ತೆಗೆದು ಅಂಗಿಗೆ ಒರೆಸಿದರು. "ನನ್ನ ಮುಂದೆ ಕೂತು ಬಣ್ಣದ ಪೆಟ್ಟಿಗೆ ತೆಗೀತಿದ್ದ ಹುಡುಗಿ ಅವಳು. ನಂಗೂ ಕರುಳು ಚುರುಕ್ ಅಂತು. ಆಯ್ತು ಅಂದೆ. ವಾರ ಮುಗಿದಾಗ ಅವರು ಮತ್ತೆ ಬಂದ್ರು. ತಲೆ ಎತ್ಲಿಲ್ಲ. 'ನನ್ನ ಕೈಲಾಗ್ಲಿಲ್ಲ ಮೇಷ್ಟ್ರೇ, ವಾಪಸ್ ಹಾಕ್ಬಿಡಿ' ಅಂದ್ರು. ಹಾಕ್ಬಿಟ್ಟೆ."

ನನಗೆ ತಡೆಯಲಾಗಲಿಲ್ಲ. "ಯಾರ್ರೀ ಅವನು ಪುಣ್ಯಾತ್ಮ? ದಾರ ಓಣಿ ಮೇಲೇ ಇದ್ದಿದ್ರೆ ಜನ ಅವತ್ತೇ ಬಾವುಟ ಚುಚ್ಚಿ ಓಣಿ ತುಂಬಿಸ್ತಿದ್ರು! ಸಮಿತಿ ಕೇಳ್ಲೇಬೇಕಾಗ್ತಿತ್ತು! ಹುಡುಗಿಗೆ ಒಂದು ದಿನ ಬೈಗುಳ ತಪ್ಪಿಸೋಕೆ ಹೋಗಿ ಅವಳ ತಲೆ ಮೇಲೇ ಚಪ್ಪಡಿ ಎಳೆದನಲ್ಲ!"

"ಅದು ನಂಗೆ ಆಮೇಲೆ ಹೊಳೀತು," ಎಂದರು ಮೇಷ್ಟ್ರು. "ಆಗ ಹೊಳೀಲಿಲ್ಲ."

"ಹೆಸರು ಹೇಳಿ."

"ಹೇಳಲ್ಲ ಅಂತ ಮಾತು ಕೊಟ್ಟಿದೀನಪ್ಪ."

"ಈ ಊರಲ್ಲಿ ಎಲ್ರೂ ಮಾತು ಕೊಡೋರೇ!"

ಅತ್ತಿಗೆ ನನ್ನ ಕಡೆ ಕೈಯೆತ್ತಿದರು, ಸುಮ್ಮನಿರು ಎಂಬಂತೆ. ಅವರು ನನ್ನನ್ನೂ ನೋಡುತ್ತಿರಲಿಲ್ಲ, ಮೇಷ್ಟ್ರನ್ನೂ ನೋಡುತ್ತಿರಲಿಲ್ಲ. ಬಾಗಿಲಿನ ಗಾಜಿನಾಚೆ ವರಾಂಡದ ಬೆಂಚಿನತ್ತ ನೋಡುತ್ತಿದ್ದರು.

"ದಾರಿ ಬದಲಾದ ಸುದ್ದಿ ಅವತ್ತಿನ್ನೂ ಊರಿಗೆ ಗೊತ್ತಿರ್ಲಿಲ್ಲ," ಎಂದರು ನಿಧಾನವಾಗಿ, ತಮಗೆ ತಾವೇ ಲೆಕ್ಕ ಒಪ್ಪಿಸುವವರ ಹಾಗೆ. "ಆಫೀಸಿಗೆ ಗೊತ್ತಿತ್ತು. ನಿಮಗೆ ಗೊತ್ತಿತ್ತು. ಮತ್ತೆ... ಇಂಜಿನಿಯರ್ ಮನೆಗೆ ಫೋನ್ ಮಾಡಿದ್ದೆ ಅಂದ್ರಲ್ಲ, ಅದು ನಿಜವೇ ಆಗಿದ್ರೆ, ಆ ಫೋನ್ ಎತ್ತಿದವರಿಗೆ ಗೊತ್ತಿತ್ತು."

ಮೇಷ್ಟ್ರು ಕನ್ನಡಕವನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡರು.

"ಮೇಷ್ಟ್ರೇ, ಹೆಸರು ಬೇಡ. ಕೊನೇ ದಿನ ಬಂದಾಗ ಅವರ ಕೈಯಲ್ಲಿ ಊಟದ ಡಬ್ಬಿ ಇತ್ತಾ?"

ಮೇಷ್ಟ್ರು ತಲೆ ತಗ್ಗಿಸಿದರು.

ಆ ಮನೆಯಲ್ಲಿ ಫೋನ್ ಎತ್ತುವವನು ಅಣ್ಣ ಒಬ್ಬನೇ. ವಾರವಿಡೀ ಇದೇ ಸಭಾಂಗಣದಲ್ಲಿ, ಇದೇ ಬಣ್ಣದ ವಾಸನೆಯಲ್ಲಿ ಮಗಳ ಎದುರು ಕೂತು ಊಟ ಬಡಿಸಿದವನಿಗೆ ಇವತ್ತು ತಲೆನೋವು! ನಾನೊಬ್ಬ ಮಂಕ, ಪಾಪ ಎಂದುಕೊಂಡಿದ್ದೆ.

"ಅತ್ತಿಗೆ, ಅಣ್ಣ ಬೇಕೂಂತ ಮಾಡಿರಲ್ಲ..."

"ಬೇಕೂಂತಲೇ ಮಾಡಿದಾರೆ," ಎಂದರು ಅತ್ತಿಗೆ. "ಪ್ರೀತಿಯಿಂದ ಮಾಡಿದಾರೆ. ಎರಡೂ ನಿಜ." ಆ ಮಾತು ಹೇಳುವಾಗ ಅವರ ದನಿ ಠಾಣೆಯದಾಗಿರಲಿಲ್ಲ. ಇಷ್ಟು ವರ್ಷದಲ್ಲಿ ಅವರ ಕಣ್ಣು ಒದ್ದೆಯಾಗಿದ್ದನ್ನು ನಾನು ಕಂಡದ್ದು ಆಗಲೇ.

"ಇನ್ನೊಂದು ಕೇಳ್ತೀನಿ ಮೇಷ್ಟ್ರೇ. ಇದು ಮಗಳಿಗೆ ಗೊತ್ತಿತ್ತಾ?"

"ನಾನೂ ಅದನ್ನೇ ಕೇಳಿದ್ದೆ ಅವರನ್ನ," ಎಂದರು ಮೇಷ್ಟ್ರು. "ಉತ್ತರ ಹೇಳ್ಲಿಲ್ಲ. ಗುಂಡುಸೂಜಿ ಡಬ್ಬ ನನ್ನ ಕೈಗೆ ಕೊಟ್ಟು ಹೊರಟುಹೋದ್ರು."

ಮೆಟ್ಟಿಲಿನಲ್ಲಿ ಹೆಜ್ಜೆಯ ಸದ್ದಾಯಿತು.

"ಅತ್ತಿಗೆ, ಲೈಟು ಹಾಕ್ಲಾ?" ಎಂದೆ. ಲೈಟು ಹಾಕಿದರೆ ಬೋಳು ಪಟ್ಟಿ ಯಾರಿಗೂ ಕಾಣುವುದಿಲ್ಲ. ಅಣ್ಣನ ಹೆಸರು ಹೊರಗೆ ಬರುವುದಿಲ್ಲ. ಓಣಿ ಹೋಗುತ್ತದೆ, ಹುಡುಗಿ ಸುಳ್ಳುಬುರುಕಿಯಾಗಿಯೇ ಉಳಿಯುತ್ತಾಳೆ. ಕಿಟಕಿ ತೆರೆದೇ ಇದ್ದರೆ ಓಣಿ ಉಳಿಯುತ್ತದೆ, ಆದರೆ ಮೊದಲ ಪ್ರಶ್ನೆಯೇ ದಾರ ಸರಿಸಿದವರು ಯಾರು ಎಂಬುದು. ಅಧಿಕಾರಿಯ ಅಪ್ಪ ಎಂದರೆ, ಮಗಳಿಗೆ ಗೊತ್ತಿರಲಿಲ್ಲ ಎಂದು ಯಾವ ಸಮಿತಿ ನಂಬುತ್ತದೆ?

ಅತ್ತಿಗೆ ಸ್ವಿಚ್ಚಿನ ಮುಂದೆ ಹೋಗಿ ನಿಂತರು, ನನ್ನ ಕೈಗೆ ಅದು ಸಿಗದ ಹಾಗೆ.

ಅಧ್ಯಕ್ಷೆ ಒಳಗೆ ಬಂದರು. ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು, ಹಿಂದೆ ನ್ಯಾಯಾಧೀಶೆಯಾಗಿದ್ದವರು. ಅವರ ಹಿಂದೆ ನಮ್ಮ ಹುಡುಗಿ, ನಿದ್ದೆಗೆಟ್ಟ ಮುಖ. ಅವಳ ಹಿಂದೆ, ಬಾಗಿಲಿನವರೆಗೆ ಬಂದು ಒಳಗೆ ಕಾಲಿಡದೆ ನಿಂತ ಅಣ್ಣ. ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ದ.

"ಏನಮ್ಮಾ, ಕತ್ತಲಲ್ಲಿ ಕೂತಿದೀರಿ?" ಎಂದರು ಅಧ್ಯಕ್ಷೆ. "ಹೇಳೋದು ಏನಾದ್ರೂ ಇದ್ಯಾ? ಇಲ್ದಿದ್ರೆ ನಾನು ಸಹಿ ಹಾಕಿ ಹೊರಡ್ತೀನಿ."

"ಅಮ್ಮಾ, ಏನಾದ್ರೂ ಸಿಕ್ತಾ?" ಹುಡುಗಿಯ ದನಿ ಕ್ಷೀಣವಾಗಿತ್ತು.

ಅತ್ತಿಗೆ ಮಗಳನ್ನು ನೋಡಿದರು. ಆಮೇಲೆ ಬಾಗಿಲಿನತ್ತ ನೋಡಿದರು.

"ಸಿಕ್ಕಿದೆ," ಎಂದರು. "ವಾರವಿಡೀ ದಾರ ಬಯಲಲ್ಲೇ ಇತ್ತು ಮೇಡಂ, ಊರಿನ ಬೆರಳುಗಳೇ ಸಾಕ್ಷಿ. ಇಲ್ಲಿ ಬಗ್ಗಿ ನೋಡಿ, ಬಿಸಿಲು ಹೋಗೋ ಮುಂಚೆ."

ಅಧ್ಯಕ್ಷೆ ಬಗ್ಗಿದರು. ನನ್ನ ಭೂತಗನ್ನಡಿ ಕೇಳಿ ಇಸಿದುಕೊಂಡರು. ಸೇತುವೆಯಿಂದ ಬಯಲಿನ ಆಚೆ ತುದಿಯವರೆಗೆ ಒಂದು ಸಲ ನೋಡಿ, ಹಿಂದಕ್ಕೆ ಬಂದು ಇನ್ನೊಂದು ಸಲ ನೋಡಿದರು. ಕೊನೆಗೆ ಅವರ ಬೆರಳೂ ಮುಂದಕ್ಕೆ ಹೋಗಿ ಬೋಳು ಪಟ್ಟಿಯ ಮೇಲೆ ಸರಿಯಿತು, ಬೋರ್ಡಿನ ಕೆಳಗೆ ನಿಂತುಕೊಂಡೇ.

"ನೀವು ಹೇಳಿದ್ದು ಒಪ್ಪಿದೆ," ಎಂದರು ನೆಟ್ಟಗಾಗಿ. "ಪ್ರದರ್ಶನ ಮತ್ತೆ ಮೊದಲಿಂದ ನಡೀಬೇಕು. ಆದ್ರೆ ದಾರ ಸರಿಸಿದ್ದು ಯಾರು?"

ಮೇಷ್ಟ್ರು ಕುರ್ಚಿಯಿಂದ ಏಳಹೋದರು. ಅತ್ತಿಗೆ ಅವರ ಭುಜದ ಮೇಲೆ ಕೈಯಿಟ್ಟು ಕೂರಿಸಿದರು.

"ರೀ," ಎಂದು ಗಂಡನನ್ನು ಕರೆದರು. "ಒಳಗೆ ಬನ್ನಿ. ನಿಮ್ಮನ್ನ ಒಂದು ಮಾತು ಕೇಳೋದಿದೆ."

ಅಣ್ಣ ಹೊಸ್ತಿಲು ದಾಟಿದ. ಬಾಯಿ ತೆರೆದ.

ಅಷ್ಟರಲ್ಲಿ ಹುಡುಗಿ ಅವನ ಮುಂದೆ ಬಂದು ಅಡ್ಡ ನಿಂತಳು. ಬೆಳಿಗ್ಗೆಯಿಂದ ಅಳುತ್ತಿದ್ದ ಕಣ್ಣುಗಳಲ್ಲಿ ಈಗ ನೀರಿರಲಿಲ್ಲ.

"ಅಪ್ಪನ್ನ ಬಿಡು ಅಮ್ಮಾ," ಎಂದಳು. "ಕೇಳೋದಿದ್ರೆ ನನ್ನ ಕೇಳು."